ತೊಟ್ಟಿಲ ಕೊಂಡಿ

ತೊಟ್ಟಿಲು ತೂಗುಹಾಕಿದ್ದ ಕೊಂಡಿಯ ಕಬ್ಬಿಣದ ಪಟ್ಟಿ ತೊಲೆಯಿಂದ ಉಗುರಿನಷ್ಟು ಬಿಟ್ಟುಕೊಂಡಿತ್ತು. ಕಂಡವನು ಸಾಯಬಣ್ಣ ಒಬ್ಬನೇ. ತೊಟ್ಟಿಲಲ್ಲಿ ಮಲಗಿದ್ದವಳು ಅವನ ಮಗಳು.

ಎಪ್ಪತ್ತೆರಡನೇ ಇಸವಿ. ಮುಂಬಯಿಯ ಧಾರಾವಿಯ ಚಾಳಿನಲ್ಲಿ ಮಾವ ಗುರಲಿಂಗಪ್ಪನ ಒಂದೇ ಖೋಲಿಯ ಮನೆ. ಹೆಸರಿಡುವ ಶಾಸ್ತ್ರಕ್ಕೆ ಹೆಂಗಸರು ಕಿಕ್ಕಿರಿದಿದ್ದರು. ಸಾಯಬಣ್ಣ ಬಾಗಿಲ ಬಳಿ ಕಂಬಳಿಯ ಮೇಲೆ ಮಾವನ ಪಕ್ಕದಲ್ಲಿ ಅಳಿಯನ ಗತ್ತಿನಲ್ಲಿ ಕೂತಿದ್ದ. ಗತ್ತಿಗೇನು ಕಮ್ಮಿ? ಫರ್ನಿಚರ್ ಕಾರ್ಖಾನೆಯ ಬಡಗಿ. ಹಿಂದಿನ ದಿನ ಮಾವ, "ಅಳಿಯಂದಿರ, ತೂಗೂ ಭಾರಕ್ಕ ತೊಲಿ ದಾಟಿಸಿ ಬೋಲ್ಟ್ ಹಾಕಿ ನಟ್ ಬಿಗೀಬೇಕಲ್ರೀ?" ಎಂದಿದ್ದಕ್ಕೆ, "ಸ್ಕ್ರೂ ವಿಷಯ ನನಗ ಬಿಡ್ರಿ ಮಾವಾರ" ಎಂದು ಬಾಯಿ ಮುಚ್ಚಿಸಿದ್ದ.

ಮುಚ್ಚಿಸಿ ಮಾಡಿದ್ದೇನು ಮಹಾ? ಕೊಂಡಿ ಬಿಗಿಯಲು ಅವನ ಜೇಬಿನಲ್ಲಿದ್ದವು ಕಪಾಟಿನ ಬಾಗಿಲ ಕೀಲುಗಳಿಗೆ ಹಾಕುವ ಗಿಡ್ಡ ಸ್ಕ್ರೂಗಳು. ಬಾಗಿಲಿನ ಅಡ್ಡ ಎಳೆತಕ್ಕೆ ಅವು ಸಾಕು, ನೇರ ಕೆಳಕ್ಕೆ ಜಗ್ಗುವ ಭಾರಕ್ಕೆ ಅಲ್ಲ. ಹೋಗಲಿ, ಅವನ್ನಾದರೂ ತಿರುವಿ ಕೂರಿಸಿದನೇ? ತಿರುವಿದರೆ ಸ್ಕ್ರೂ ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ, ಬಡಿದರೆ ಹರಿದುಹಾಕುತ್ತದೆ. ಬಡಗಿಗೆ ಇದು ತಿಳಿಯದ್ದಲ್ಲ. ಆದರೆ ಕಾರ್ಖಾನೆಯ ಅವಸರದ ರೂಢಿಯೇ ಬೇರೆ. ಸುತ್ತಿಗೆಯಿಂದ ಮುಕ್ಕಾಲು ಬಡಿ, ಕೊನೆಗೆ ಎರಡು ಸುತ್ತು ತಿರುವು, ನೋಡಿದವರಿಗೆ ಏನೂ ಗೊತ್ತಾಗದು. "ಗಟ್ಟಿ ಅದೇನ್ರಿ?" ಎಂದು ಹೆಂಡತಿ ಹಾಲವ್ವ ಕೇಳಿದಾಗ, "ಆನಿ ಕಟ್ಟಿದ್ರೂ ನಡೀತದ" ಎಂದಿದ್ದ.

ಈಗ ಅವನ ಅಕ್ಕ ದೇವಕ್ಕ ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಬಾಗಿದಳು. ಸಾಯಬಣ್ಣ ಕಂಬಳಿಯಿಂದ ಅರ್ಧ ಎದ್ದ. ಸೋದರತ್ತೆ ಹೆಸರು ಹೇಳಿದೊಡನೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಗುದ್ದು ಬಿದ್ದರೆ ದೇವಕ್ಕ ತೊಟ್ಟಿಲ ಹಗ್ಗಕ್ಕೇ ಜೋತುಬೀಳುತ್ತಾಳೆ. ಕೂಗಿದರೆ? ಮಾವನೆದುರು ಮಾನ ಹೋಗುತ್ತದೆ. ಹೌದು, ಮಗು ಅಲ್ಲಿ ತೂಗುತ್ತಿರುವಾಗಲೂ ಆ ಭಂಡನಿಗೆ ಮಾನದ ಚಿಂತೆ.

ಮಗುವಿನ ಕುಲಾವಿಯ ಮೇಲೆ ಕಟ್ಟಿಗೆಯ ಪುಡಿ ಉದುರಿತು.

ಅವನು ಹೆಂಗಸರ ನಡುವೆ ನುಗ್ಗಿ, ಮೊಣಕಾಲೂರಿ, ತೊಟ್ಟಿಲನ್ನು ಅಡಿಯಿಂದ ಎರಡೂ ಕೈಯಲ್ಲಿ ಹಿಡಿದ.

"ನಾಚಿಕಿ ಇಲ್ಲೇನೋ, ಹೆಣ್ಮಕ್ಕಳ ನಡುವ ನಿಂದೇನು ಕೆಲಸ?" ಎಂದು ನಗುತ್ತಲೇ ದೇವಕ್ಕ ಹೆಸರು ಹೇಳಿದಳು. ಗುದ್ದುಗಳು ಬಿದ್ದವು. ಅವಳು ಹಗ್ಗ ಹಿಡಿದಳು. ಪಟ್ಟಿ ಕಿತ್ತುಬಂದು ಸಾಯಬಣ್ಣನ ಹೆಗಲಿಗೆ ಬಡಿಯಿತು, ತೊಟ್ಟಿಲ ಭಾರವೆಲ್ಲ ಅವನ ಕೈಗೆ ಬಂತು. ಅವನು ಬಿಡಲಿಲ್ಲ. ಮಗು ಕಣ್ಣು ಪಿಳುಕಿಸಿತು, ಅಷ್ಟೇ.

ಖೋಲಿಯಲ್ಲಿ ನಗು ನಿಂತಿತು. ಹಾಲವ್ವ ನೆಲದಿಂದ ಒಂದು ಸ್ಕ್ರೂ ಎತ್ತಿ ನೋಡಿದಳು. ತಲೆಯೆತ್ತಿ ತೊಲೆಯ ಹರಿದ ತೂತುಗಳನ್ನೂ ನೋಡಿದಳು.

ಅವಳು ಮಗುವನ್ನು ಎತ್ತಿಕೊಂಡಳು. ಸಾಯಬಣ್ಣ ತೊಟ್ಟಿಲನ್ನು ನೆಲಕ್ಕಿಟ್ಟು, "ಒಂದೀಟು ನನ್ನ ಕೈಯಾಗ ಕೊಡ" ಎಂದು ಕೈ ಚಾಚಿದ.

ಹಾಲವ್ವ ಅವನನ್ನು ದಾಟಿ ಗುರಲಿಂಗಪ್ಪನ ಬಳಿ ಹೋದಳು.

"ಅಪ್ಪಾ, ನೀ ಹಿಡ್ಕೋ" ಎಂದಳು.