ಹಸಿ ಬಣ್ಣದ ಚುಕ್ಕಿ

"ಇನ್ನೊಸಿ ಎತ್ರಲಾ, ತಲೆ ಪಕ್ಕಕ್ಕೆ ವಾಲ್ತಾ ಅದೆ!" ಎಂದು ದೊಡ್ಡಮಾದಪ್ಪ ತಮ್ಮನ ಹೆಣವನ್ನು ಬೆನ್ನಿನಿಂದ ತಬ್ಬಿ ಹಿಡಿದುಕೊಂಡೇ ಕೂಗಿದ.

ಪುಟ್ಟಮಲ್ಲಪ್ಪನಿಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿರಿಸಿ, ಗೋಡೆಗೊರಗಿಸಿ ಕೂರಿಸುವಷ್ಟರಲ್ಲಿ ಇಬ್ಬರು ಗಂಡಾಳುಗಳು ಬೆವತುಹೋದರು. ಬದುಕಿದ್ದಾಗಲೂ ಆ ಮನುಷ್ಯ ಒಂದು ಕಡೆ ನೆಟ್ಟಗೆ ಕೂತವನಲ್ಲ, ಬಿಡಿ. ರಾತ್ರಿ ಎದೆ ಹಿಡಿದಂಗಾಯ್ತದೆ ಅಂತ ಮಲಗಿದವನು ಕೋಳಿ ಕೂಗುವ ಹೊತ್ತಿಗೆ ಇಲ್ಲ.

ಹೆಂಡತಿ ಚನ್ನಮಲ್ಲಮ್ಮ ಅವನ ಕಾಲ ಬಳಿ ಕೂತು ಅಳುತ್ತಿದ್ದಳು. ಅಳುವೇನೋ ನಿಜವೇ. ಆದರೆ ಕಣ್ಣು ಮಾತ್ರ ಗಳಿಗೆಗೊಮ್ಮೆ ಹಿತ್ತಲ ಬಾಗಿಲಿಗೆ ಓಡುತ್ತಿತ್ತು. ಅಲ್ಲಿ ಕೊಟ್ಟಿಗೆಯ ಗೋಡೆಗೆ ಆಳೆತ್ತರದ ಒಂದು ಮರದ ಚುಕ್ಕಿ, ನಕ್ಷತ್ರ, ಒರಗಿತ್ತು. ಪಕ್ಕದ ಮಂಕರಿಯಲ್ಲಿ ಚೂರುಪಾರು ಮರದಲ್ಲಿ ಕೆತ್ತಿದ ಕುರಿಗಳು, ಪಾರಿವಾಳಗಳು. ಎಲ್ಲಾ ಮಾರ್ಟಳ್ಳಿಯ ಚರ್ಚಿಗೆ. ಇವತ್ತು ರಾತ್ರಿ ಅವರ ಕ್ರಿಸ್ಮಸ್ಸು. ಒಯ್ಯುವವರು ಇನ್ನೇನು ಬರಬೇಕು. ಬಂದವರಿಗೆ ಈ ಮನೆಯಲ್ಲಿ ಏನಂತ ಹೇಳುವುದು?

ಹೊರಗೆ ಬಿದಿರು ಬಗ್ಗಿಸಿ, ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದ ನೆರೆಮನೆಯ ಷಡಕ್ಷರಿ ಒಳಗೆ ಇಣುಕಿದ. "ಮಾದಪ್ಪಣ್ಣ, ವಿಮಾನ ಬೋಳುಬೋಳು ಕಾಣ್ತದೆ. ಬಾಳೆಕಂದು ಬುಟ್ರೆ ಏನೂ ಇಲ್ಲ. ಊರೆಲ್ಲಾ ಹುಡುಕುದ್ರೂ ಒಂದು ಹಿಡಿ ಹೂ ಸಿಕ್ಕಿಲ್ಲ."

ದೊಡ್ಡಮಾದಪ್ಪ ಹೆಗಲ ಟವಲ್ಲಿನಲ್ಲಿ ಮುಖ ಒರೆಸಿಕೊಂಡ. "ಹಿತ್ಲಲ್ಲಿ ಚುಕ್ಕಿ ಅದಲ್ಲ, ಅದ್ನೇ ತಲೆ ಮ್ಯಾಲೆ ಕಟ್ಟಾನ. ಅವನ ಕೈಯಾರ ಮಾಡಿದ್ದು ಅವನಿಗೇ ಸಿಂಗಾರ ಆಗ್ಲಿ."

ಕೂತಿದ್ದವರೆಲ್ಲ "ಅದೇ ಸರಿ" ಎಂದರು. ಚನ್ನಮಲ್ಲಮ್ಮನ ಅಳು ಫಕ್ಕನೆ ನಿಂತಿತು. ವಿಮಾನಕ್ಕೆ ಕಟ್ಟಿದ್ದು ಮತ್ತೆ ಊರೊಳಕ್ಕೆ ಬರುವಂತಿಲ್ಲ. ಗುಂಡಿಯ ಬಳಿಯೇ ಮುರಿದು ಬಿಸಾಕುತ್ತಾರೆ, ಅದರ ಮೇಲೆ ಮಣ್ಣು ಬೀಳುತ್ತದೆ.

"ಬ್ಯಾಡಿ ಬಾವ. ಅದು ಮಾರ್ಟಳ್ಳೀದು."

"ಏ, ಕುರಿಗಿರಿಯೆಲ್ಲಾ ತಕಂಡೋಗ್ಲಿ ಬುಡವ್ವ. ಚುಕ್ಕಿ ಒಂದು ನಮಗಿರ್ಲಿ."

* * *

ಪುಟ್ಟಮಲ್ಲಪ್ಪ ಬೇಸಾಯಗಾರ. ಆದರೂ ಕೌದಳ್ಳಿಯ ಸುತ್ತ ಯಾರ ಎತ್ತಿನಗಾಡಿ ಮುರಿದರೂ ಅವನ ಹಿತ್ತಲಿಗೇ ಬರುತ್ತಿತ್ತು. ಮುರಿದ ಕಡ್ಡಿ ತೆಗೆದು ಹೊಸದು ಕೂರಿಸಿ, ಗಾಲಿಗೆ ಕೆಂಪು ಹಳದಿ ಬಳಿದು ಕಳಿಸುತ್ತಿದ್ದ. "ನಾವು ಲಿಂಗ ಕಟ್ದೋರು ಕಣ್ಲಾ, ಆಚಾರಿ ಕೆಲ್ಸ ನಿಂಗ್ಯಾಕೆ?" ಎಂದು ಅಣ್ಣ ಬೈಯುತ್ತಲೇ ಇದ್ದ. ಬೈಗುಳ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತಿತ್ತು.

ಆಗ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮಾರ್ಟಳ್ಳಿಯ ಸವರಿಮುತ್ತು ಕೊಳ್ಳೇಗಾಲದ ಸಂತೆಯಿಂದ ಕಾಗದದ ನಕ್ಷತ್ರ ಒಯ್ಯುತ್ತಿದ್ದಾಗ ಕೌದಳ್ಳಿಯ ಬಳಿ ಗಾಡಿಯ ಗಾಲಿ ಮುರಿಯಿತು, ಮಳೆಯೂ ಹಿಡಿಯಿತು. ನಕ್ಷತ್ರ ನೆಂದು ಮುದ್ದೆಯಾಯಿತು. ಚರ್ಚಿನವರಿಗೆ ಏನು ಹೇಳಲಿ ಅಂತ ಅವನು ತಲೆ ಮೇಲೆ ಕೈ ಹೊತ್ತು ಕೂತ. ಪುಟ್ಟಮಲ್ಲಪ್ಪ ಗಾಲಿಯ ಮುರುಕು ಕಡ್ಡಿಗಳನ್ನೇ ಚುಕ್ಕಿಯಂತೆ ಜೋಡಿಸಿ ಮೊಳೆ ಹೊಡೆದ. ಬಣ್ಣ ಸಿಗದ ದಿನಗಳು. ಡಬ್ಬದ ತಳ ಕೆರೆದು, ಎಣ್ಣೆ ಬೆರೆಸಿ ಬಳಿದ.

ಕೊಟ್ಟು ಬರಲು ತಾನೂ ಹೋದವನು ಮರುದಿನ ತಿರುಗಿ ಬಂದಾಗ ಅವನ ಮುಖವೇ ಬೇರೆಯಾಗಿತ್ತು.

"ಗೋಪುರದ ತುದೀಗೇ ಏರ್ಸುದ್ರು ಕಣಮ್ಮಿ," ಎಂದಿದ್ದ. "ಊರಿಗೂರೇ ತಲೆ ಎತ್ಕಂಡು ನೋಡ್ತು. ಇಷ್ಟು ವರ್ಸ ನಾನು ಬಣ್ಣ ಬಳ್ದಿದ್ದೆಲ್ಲಾ ಕೆಸರಿಗೇ ಓಯ್ತು. ಇದೊಂದು ಮ್ಯಾಲೆ ನಿಂತದೆ."

ಅಲ್ಲಿಂದ ಪ್ರತಿ ವರ್ಷವೂ ಸುಗ್ಗಿ ಕೆಲಸದ ನಡುವೆ ಹೊಸ ಚುಕ್ಕಿ. ಊಟಕ್ಕೆ ಕರೆದರೆ "ಬಂದೆ" ಅನ್ನುವುದು, ಬಾರದೇ ಇರುವುದು. ಚನ್ನಮಲ್ಲಮ್ಮನಿಗೆ ರೇಗುತ್ತಿತ್ತು. ಮುದ್ದೆ ಆರಿ ಕಲ್ಲಾಗುತ್ತಿತ್ತು.

* * *

"ಮಲ್ಲಪ್ಪಣ್ಣಾ, ರೆಡಿ ಆಯ್ತಾ?" ಎಂದುಕೊಂಡೇ ಗಾಡಿಯಿಂದ ಇಳಿದ ಸವರಿಮುತ್ತು ಅಂಗಳದಲ್ಲಿ ವಿಮಾನ ನೋಡಿ ನಿಂತಲ್ಲೇ ನಿಂತ. ತಮಟೆಯ ಸದ್ದು ಬೇರೆ ಯಾರ ಮನೆಯದ್ದೋ ಅಂದುಕೊಂಡಿದ್ದ ಪಾಪ. ಒಳಗೆ ಬಂದು, ಕೂತ ಪುಟ್ಟಮಲ್ಲಪ್ಪನನ್ನು ನೋಡಿ "ಅಯ್ಯೋ ಅಣ್ಣಾ" ಎಂದು ಹೊಸಲ ಮೇಲೇ ಕುಸಿದ.

ಚುಕ್ಕಿಯ ವಿಚಾರವನ್ನು ದೊಡ್ಡಮಾದಪ್ಪನೇ ಎತ್ತಿದ. ಸವರಿಮುತ್ತು ಕೈ ಮುಗಿದುಬಿಟ್ಟ. "ಅವರಿಗೇ ಇರ್ಲಿ ಸಾಮಿ. ನಾವು ಕಾಗದದ್ದು ಏನಾರ ಅಂಟಿಸ್ಕೋತೀವಿ. ಒಂದು ವರ್ಸ ಇಲ್ದಿದ್ರೆ ಏನು?"

ಇವನೂ ಹೀಗಂದರೆ! ಚನ್ನಮಲ್ಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲ್ಲರೂ ಒಳ್ಳೆಯವರೇ, ಎಲ್ಲರೂ ಅವನ ಮೇಲಿನ ಪ್ರೀತಿಗೇ ಹೇಳುವವರು. ಒಳ್ಳೆಯವರ ಕೂಡ ಜಗಳ ಆಡುವುದಾದರೂ ಹೇಗೆ? ಅವಳು ಎದ್ದಳು. ನೀರು ಕುಡಿಯಲು ಹೊರಟಳೆಂದು ಹೆಂಗಸರು ದಾರಿ ಬಿಟ್ಟರು.

ಹಿತ್ತಲಲ್ಲಿ ತೆಂಗಿನ ಚಿಪ್ಪಿನ ತುಂಬ ನಿನ್ನೆ ಕಲಸಿಟ್ಟ ಕೆಂಪು ಇತ್ತು, ಅದರಲ್ಲೇ ಕುಂಚ. ಮೇಲೆ ಕಟ್ಟಿದ್ದ ಕೆನೆಯನ್ನು ಬೆರಳಲ್ಲಿ ಸರಿಸಿ ಅವಳು ಬಳಿಯತೊಡಗಿದಳು. ನಡುವಿನಿಂದ ತುದಿಗೆ, ತುದಿಯಿಂದ ನಡುವಿಗೆ, ಒಂದು ಕಡ್ಡಿಯನ್ನೂ ಬಿಡದೆ, ಒಣಗಿದ್ದರ ಮೇಲೆ ಮತ್ತೆ ದಪ್ಪಗೆ. ಮೊಣಕೈವರೆಗೂ ಕೆಂಪಾಯಿತು. ಅತ್ತಳೋ ಬಳಿದಳೋ ಅವಳಿಗೇ ತಿಳಿಯಲಿಲ್ಲ.

"ಹೊತ್ತಾಯ್ತು, ಹೊತ್ತಾಯ್ತು," ಎನ್ನುತ್ತ ಬಂದ ದೊಡ್ಡಮಾದಪ್ಪ ನೇರವಾಗಿ ಚುಕ್ಕಿಗೆ ಎರಡೂ ಕೈ ಹಾಕಿದ. ಹಾಕಿದವನೇ ಬೆಚ್ಚಿ ಬಿಟ್ಟ. ಅಂಗೈಯೆಲ್ಲ ಕೆಂಪು.

"ಇದೇನವ್ವಾ ಮಾಡ್ದೆ! ಇದ್ನ ಎಂಗ್ ಕಟ್ಟದು? ಅವನ ವಿಭೂತಿ, ಬಿಳೀ ಪಂಚೆ, ಎಲ್ಲಾ ಕೆಟ್ಟೋಯ್ತದೆ!"

"ಅದ್ಕೇ ಬಳ್ದಿದ್ದು ಬಾವ."

ದೊಡ್ಡಮಾದಪ್ಪ ಅಂಗೈಯನ್ನು ಟವಲ್ಲಿಗೆ ಒರೆಸಿದ, ಬಣ್ಣ ಹೋಗಲಿಲ್ಲ.

"ನಾಳೀಕೂ ಆರಲ್ಲ ಈ ಚಳೀಲಿ," ಎಂದಳು. "ಅವರು ಮಾಡಿದ್ದೆಲ್ಲಾ ಮಣ್ಣಲ್ಲೇ ಓಯ್ತು ಬಾವ. ಇದೊಂದ್ನ ಮಣ್ಣಿಗಾಕ್ಬ್ಯಾಡಿ, ನಿಮ್ಮ ಕಾಲು ಹಿಡ್ಕತೀನಿ."

ಬೆಳಗಿನಿಂದ ಊರಿಗೆಲ್ಲ ಹುಕುಂ ಮಾಡಿಕೊಂಡು ಓಡಾಡುತ್ತಿದ್ದ ಮನುಷ್ಯ, ಕೆಂಪು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ನಿಂತ. "ಬರೀ ಬೈದೆ ಕಣವ್ವ ಅವನ್ನ," ಎಂದ. "ಒಂದು ದಿನವಾದ್ರೂ ಚಂದಾಗಿ ಅದೆ ಕಣ್ಲಾ ಅನ್ಲಿಲ್ಲ. ಇವತ್ತಾರ ಅದ್ನ ಎತ್ತಿ ಕಟ್ಟಾನ ಅಂದ್ರೆ, ನೀನು..."

"ನೀವೇ ಎತ್ತಿ ಬಾವ. ಎತ್ತಿ ಗಾಡಿಗೆ ಕೊಡಿ."

ಅವನು ಮೂಗೆಳೆದುಕೊಂಡು, ಚುಕ್ಕಿಯ ಹಿಂದೆ ಕಟ್ಟಿದ್ದ, ಬಣ್ಣ ತಾಗದ ಬಿದಿರ ಗಳುವನ್ನು ಹಿಡಿದು, ಅಂಗಳದಲ್ಲಿದ್ದವರೆಲ್ಲರ ಮುಂದೆ ತಾನೇ ಹೊತ್ತುಕೊಂಡು ಹೋದ. "ಸರೀರಿ, ಸರೀರಿ, ಬಣ್ಣ ಹತ್ಕತದೆ!" ಎಂದು ದಾರಿಯುದ್ದಕ್ಕೂ ಗದರಿದ.

ಮಣ್ಣು ಮಾಡುವ ಹೊಲಕ್ಕೂ ಮಾರ್ಟಳ್ಳಿಗೂ ಒಂದೇ ದಾರಿ. ಮುಂದೆ ತಮಟೆ, ಹಿಂದೆ ಬೋಳು ವಿಮಾನದಲ್ಲಿ ಕೂತ ಪುಟ್ಟಮಲ್ಲಪ್ಪ, ಜನ, ಎಲ್ಲರ ಹಿಂದೆ ಮಂಕರಿ ಹೊತ್ತ ಗಾಡಿ. ಹಸಿ ಚುಕ್ಕಿಯನ್ನು ಮಲಗಿಸುವಂತಿಲ್ಲ, ಒರಗಿಸುವಂತಿಲ್ಲ. ಸವರಿಮುತ್ತು ಗಾಡಿಯ ನಡುವೆ ನಿಂತು ಗಳು ಹಿಡಿದಿದ್ದ, ಜೊತೆಯವನು ಎತ್ತು ಹೊಡೆಯುತ್ತಿದ್ದ.

ಹೊಲದ ತಿರುವಿನಲ್ಲಿ ವಿಮಾನ ಎಡಕ್ಕೆ ಇಳಿಯಿತು. ಕಾಡಾನೆ ದಾರಿಗೆ ಇಳಿಯುವ ಹೊತ್ತಾಗುತ್ತದೆಂದು ಗಾಡಿ ನಿಲ್ಲದೆ ಮುಂದೆ ಹೋಯಿತು. ಚನ್ನಮಲ್ಲಮ್ಮ ತಿರುವಿನಲ್ಲೇ ನಿಂತಳು. ಹೆಂಗಸರು ಕೈ ಹಿಡಿದು ಎಳೆದರೂ ಕದಲಲಿಲ್ಲ. ಹಳ್ಳಕ್ಕೆ ಇಳಿದ ಗಾಡಿಯ ಒಂದು ಗಾಲಿ ಕೊರಕಲಿಗೆ ಬಿತ್ತು. ಚುಕ್ಕಿ ಒಂದು ಪಕ್ಕಕ್ಕೆ ವಾಲಿತು.

"ಸವರೀ!" ಎಂದು ಅವಳು ಎದೆ ಬಿರಿಯುವಂತೆ ಕೂಗಿದಳು. "ಎತ್ತಿ ಹಿಡ್ಕಳಪ್ಪಾ!"

ಸವರಿಮುತ್ತು ತಿರುಗಿ ನೋಡಲಿಲ್ಲ. ಕಾಲಗಲಿಸಿ ನಿಂತು, ಎರಡೂ ಕೈ ಚಾಚಿ ಗಳುವನ್ನು ತಲೆಗಿಂತ ಮೇಲಕ್ಕೆ ಎತ್ತಿದ. ಹಳ್ಳದೊಳಗೆ ಎತ್ತು ಮರೆಯಾದವು, ಗಾಡಿ ಮರೆಯಾಯಿತು, ಅವನ ತಲೆಯೂ ಮರೆಯಾಯಿತು. ಕೆಂಪು ಚುಕ್ಕಿಯೊಂದೇ ದಡದ ಮೇಲೆ ಅಲುಗಾಡುತ್ತ ಮುಂದೆ ಮುಂದೆ ಹೋಗುತ್ತಿತ್ತು.