ಮಣಿಕಟ್ಟಿನ ಬಿಲ್ಲೆ

ಆಸ್ಪತ್ರೆಯವರು ಕೊಟ್ಟ ಚೀಲವನ್ನು ಅವಳು ಮಂಚದ ಮೇಲೆ ಬೋರಲು ಸುರಿದು ಮತ್ತೊಮ್ಮೆ ತಡಕಾಡಿದಳು. ಹಿಟ್ಟು ಮೆತ್ತಿದ ಅಂಗಿ, ಪ್ಯಾಂಟು, ಬೂಟು, ಕನ್ನಡಕ. ಮಣಿಕಟ್ಟಿಗೆ ಕಟ್ಟುತ್ತಿದ್ದ ಉಕ್ಕಿನ ಬಿಲ್ಲೆಸರ ಮಾತ್ರ ಇಲ್ಲ. ಹೊರಕೋಣೆಯಲ್ಲಿ ಅವಳ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬಂದವರು ಗೋಡೆಗೊರಗಿ ಪಿಸುಗುಟ್ಟುತ್ತಿದ್ದರು.

"ಏನೇ ಹುಡುಕ್ತಿದ್ದೀಯ? ಬಾ, ಒಂದು ಲೋಟ ನೀರಾದ್ರೂ ಕುಡಿ," ಎಂದಳು ಅಕ್ಕ.

"ಅವರ ಕೈ ಬಿಲ್ಲೆ ಇಲ್ಲ ಕಣಕ್ಕ. ರಕ್ತ ತೆಳ್ಳಗೆ ಮಾಡೋ ಮಾತ್ರೆ ತಗೊಳ್ತಾರೆ ಅಂತ ಅದರ ಮೇಲೇ ಬರೆದಿತ್ತು. ಅದೊಂದು ಕಂಡಿದ್ರೆ ಡಾಕ್ಟ್ರಿಗೆ ಗೊತ್ತಾಗ್ತಿತ್ತು."

"ಎಲ್ಲೋ ಬಿದ್ದಿರುತ್ತೆ ಬಿಡು."

"ಬಿದ್ದಿಲ್ಲ. ಬಿಚ್ಚಿಸಿದ್ದಾನೆ."

ಬಾಗಿಲಾಚೆ ಮೈದುನ ನಿಂತಿದ್ದ. ಅಪ್ಪನ ಕಾಲದ ಬೇಕರಿಯನ್ನು ಅಣ್ಣತಮ್ಮ ಇಬ್ಬರೇ ನಡೆಸುತ್ತಿದ್ದರು. ನಿನ್ನೆ ಅಣ್ಣ ಜಾರಿ ಬಿದ್ದು ಓವನ್ನಿನ ಮೂಲೆಗೆ ತಲೆ ಬಡಿದುಕೊಂಡಾಗ ಹತ್ತಿರ ಇದ್ದವನು ಇವನೊಬ್ಬನೇ. ಆಸ್ಪತ್ರೆಗೆ ಒಯ್ದವನೂ ಇವನೇ. ಯಾವ ಮಾತ್ರೆ ಎಂದು ಅಲ್ಲಿ ಕೇಳಿದ್ದಕ್ಕೆ "ಎಂಥದೋ ಹಾರ್ಟಿಂದು" ಎಂದನಂತೆ. ಅಕ್ಕನ ಮನೆಯಿಂದ ಬರುತ್ತಿದ್ದ ಅವಳಿಗೆ ಬಸ್ಸಿನಲ್ಲಿ ಫೋನು ಸಿಕ್ಕಿರಲಿಲ್ಲ. ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಮೊದಲೇ ಗೊತ್ತಾಗಿದ್ದರೆ..." ಎಂದ ಡಾಕ್ಟರು ಉಳಿದ ಮಾತನ್ನು ನುಂಗಿಕೊಂಡಿದ್ದರು. ಆ ಅರ್ಧ ಮಾತು ಅವಳನ್ನು ಕೊರೆಯುತ್ತಲೇ ಇತ್ತು.

ಮೈದುನನನ್ನು ಒಳಗೆ ಕರೆದಳು. "ಬಿಲ್ಲೆ ಎಲ್ಲಿ?"

ಅವನು ತನ್ನ ಮಣಿಕಟ್ಟನ್ನೇ ಸವರಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಕೈಯಲ್ಲಿರಲಿಲ್ಲ ಅತ್ತಿಗೆ."

"ಇರಲಿಲ್ವೋ, ಇರೋಕೆ ನೀನು ಬಿಡಲಿಲ್ವೋ?"

"ಹಿಟ್ಟಿಗೆ ಕೈ ಹಾಕುವಾಗ ಬೇಡ ಅಂದಿದ್ದೆ. ಅಪ್ಪನ ಕಾಲದಿಂದ ನಮ್ಮಲ್ಲಿ ಉಂಗುರಾನೂ ಹಾಕಲ್ಲ. ಅಷ್ಟೇ."

"ಅಷ್ಟೇನಾ? ಆ ಅಷ್ಟಕ್ಕೇ ಹೋಯ್ತಲ್ಲೋ ಜೀವ! ನೀನು ಅವರನ್ನ ಮುಟ್ಟಬೇಡ. ಹೆಗಲೂ ಕೊಡಬೇಡ."

ಅವನು ತಲೆ ತಗ್ಗಿಸಿ ಅಂಗಳಕ್ಕೆ ಹೋದ.

* * *

ಹೃದಯದ ಆಪರೇಷನ್ ಆದ ಮೇಲೆ ಗಂಡಹೆಂಡತಿ ಜೊತೆಯಾಗಿಯೇ ಔಷಧಿ ಅಂಗಡಿಗೆ ಹೋಗಿದ್ದರು. ಕಾರ್ಡು, ರಬ್ಬರ್ ಪಟ್ಟಿ, ಕತ್ತಿನ ಪದಕ, ಉಕ್ಕಿನ ಬಿಲ್ಲೆಸರ, ಎಲ್ಲವನ್ನೂ ಅಂಗಡಿಯವನು ಗಾಜಿನ ಮೇಲೆ ಹರಡಿದ.

"ಕಾರ್ಡೇ ಸಾಕು, ಪರ್ಸಲ್ಲಿರುತ್ತೆ," ಎಂದ ಗಂಡ.

"ಬಿದ್ದೋರ ಪರ್ಸು ಮೊದಲು ಸಿಗೋದು ಡಾಕ್ಟ್ರ ಕೈಗಲ್ಲ ಸಾರ್," ಎಂದು ಅಂಗಡಿಯವನು ನಕ್ಕ.

ಪದಕ ಹಾಕಿಕೊಂಡು ಬಗ್ಗಿದರೆ ಹಿಟ್ಟಿನೊಳಕ್ಕೇ ಇಳಿಬೀಳುತ್ತದೆ ಎಂದು ಗಂಡ ಗೊಣಗಿದ. ರಬ್ಬರ್ ಪಟ್ಟಿ ಮಕ್ಕಳ ಆಟಿಕೆ ಇದ್ದ ಹಾಗಿದೆ ಎಂದು ಅವಳು ಮೂಗು ಮುರಿದಳು. ನಾಡಿ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಮಣಿಕಟ್ಟು ಎಂದು ಅಂಗಡಿಯವನು ಹೇಳಿದ ಮೇಲೆ ಉಕ್ಕಿನ ಬಿಲ್ಲೆಸರವೇ ಗೆದ್ದಿತು. ಅದರ ಮೇಲೆ ಮಾತ್ರೆಯ ಹೆಸರು, ಅವಳ ಫೋನ್ ನಂಬರು ಕೆತ್ತಿಸಿದರು.

"ನಾಯಿಗೆ ಬಿಲ್ಲೆ ಕಟ್ಟಿದ ಹಾಗಾಯ್ತಲ್ಲೇ!"

"ಕಳೆದುಹೋದ್ರೆ ಮನೆಗೆ ತಂದುಬಿಡ್ಲಿ ಅಂತಾನೇ. ಬಿಚ್ಚಕೂಡದು, ಗೊತ್ತಾಯ್ತಾ?"

"ಆಯ್ತಪ್ಪ, ಆಯ್ತು."

ಯಾರು ಏನೇ ಹೇಳಲಿ, ಅವನ ಉತ್ತರ ಅದೊಂದೇ. ಸಾಲದ ಬ್ರೆಡ್ಡು ಕೇಳುವವರಿಗೂ, ಕಳಪೆ ಮೈದಾ ತಂದು ಹಲ್ಲು ಕಿರಿಯುವವನಿಗೂ ಆಯ್ತಪ್ಪ. ಬೀದಿಯವರಿಗೆ ಅವನ ಹೆಸರೇ ಆಯ್ತಪ್ಪ ಆಗಿಹೋಗಿತ್ತು. ದಿನಾ ಸಂಜೆ ಅವನು ಮನೆಗೆ ಬಂದ ಕೂಡಲೇ ಅವಳು ಕೈ ನೋಡುತ್ತಿದ್ದಳು. ಬಿಲ್ಲೆ ಅಲ್ಲೇ ಇರುತ್ತಿತ್ತು.

* * *

ಹೊರಡಿಸುವ ಹೊತ್ತಾಯಿತು. ಒಗೆದ ಬಟ್ಟೆ ಉಡಿಸಲು ಅಕ್ಕತಂಗಿಯರು ಕುಳಿತರು. ಆಸ್ಪತ್ರೆಯವರು ಬೂಟು ಬಿಚ್ಚಿದವರು ಕಾಲುಚೀಲಕ್ಕೆ ಕೈ ಹಚ್ಚಿರಲಿಲ್ಲ. ಅವಳು ಬಲಗಾಲಿನದನ್ನು ಕೆಳಕ್ಕೆ ಸರಿಸಿದಳು. ಕೈ ಅಲ್ಲೇ ನಿಂತಿತು.

ಪಾದದ ಗಂಟಿನ ಮೇಲೆ ಬಿಲ್ಲೆಸರ ಇತ್ತು. ಕಾಲಿಗೆ ಸಾಲದೆಂದು ಬ್ರೆಡ್ಡಿನ ಪೊಟ್ಟಣ ಕಟ್ಟುವ ತಂತಿ ಸೇರಿಸಿ ಉದ್ದ ಮಾಡಿಕೊಂಡಿದ್ದ. ಅದು ಕೂರುವ ಕಡೆ ಸುತ್ತಲೂ ಕೂದಲು ಸವೆದು ಚರ್ಮ ನುಣ್ಣಗಾಗಿತ್ತು. ಒಂದು ದಿನದ್ದಲ್ಲ ಇದು. ಬೆಳಿಗ್ಗೆ ಬೇಕರಿಯಲ್ಲಿ ಕೈಯಿಂದ ಕಾಲಿಗೆ, ಸಂಜೆ ಮನೆ ಹತ್ತಿರವಾದಾಗ ಕಾಲಿನಿಂದ ಕೈಗೆ. ತಮ್ಮನಿಗೂ ಇಲ್ಲ ಅನ್ನಲಿಲ್ಲ, ಹೆಂಡತಿಗೂ ಇಲ್ಲ ಅನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. "ಒಂದೇ ಒಂದು ಸಲ ಆಗಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಸತ್ತವನನ್ನೇ ಗದರಿದಳು. ಹಾಗೆ ಅವನನ್ನು ಗದರಿದ್ದು ಅದೇ ಮೊದಲು.

ಆದರೂ ಸಂಶಯ ಅಷ್ಟು ಸುಲಭಕ್ಕೆ ಬಿಡುವ ಪೈಕಿಯಲ್ಲ. ಮೈದುನನನ್ನು ಕೂಗಿ ಕಾಲು ತೋರಿಸಿದಳು. "ನಿಂಗೆ ಗೊತ್ತಿತ್ತಾ?"

ಅವನು ನೋಡಿದ. "ಮನೇಲೇ ಬಿಚ್ಚಿಟ್ಟು ಬರ್ತೀನಿ ಅಂದಿದ್ದ ಅತ್ತಿಗೆ. ನಾನು ನಂಬಿದ್ದೆ."

ಸುಳ್ಳಿನ ಎಳೆ ಎಲ್ಲಾದರೂ ಸಿಕ್ಕೀತೇ ಎಂದು ಅವಳು ಅವನ ಮುಖವನ್ನು ದಿಟ್ಟಿಸಿ ನೋಡಿದಳು. ಅಲ್ಲಿ ಸಿಕ್ಕಿದ್ದು ಗಂಡನದೇ ಮೂಗು, ಗಂಡನದೇ ಪೆಚ್ಚುಮೋರೆ.

"ತಂತಿ ಬಿಗಿದುಕೊಂಡಿದೆ," ಎಂದಳು ಕೊನೆಗೆ. "ನನ್ನ ಕೈಲಿ ಆಗ್ತಿಲ್ಲ. ಬಾ, ಹಿಡ್ಕೋ."

ಅವನು ಮಂಡಿಯೂರಿದ. ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲೆ, ಇಲ್ಲದ ಏಪ್ರನ್ನಿಗೆ ಒರೆಸಿಕೊಂಡ. ಹಿಂದೆ ಮುಂದೆ ತಿರುಗಿಸಿ ಇನ್ನೊಮ್ಮೆ ಒರೆಸಿಕೊಂಡ. ಆಮೇಲೆ ಅಣ್ಣನ ಹಿಮ್ಮಡಿಯನ್ನು ಮೆಲ್ಲನೆ ಕೈಗೆತ್ತಿಕೊಂಡ.