ಗುಂಡನಿಗೆ ತಪ್ಪಿದ ಚುಚ್ಚುಮದ್ದು

"ಅಪ್ಪಾ, ಈ ಗುಂಡನಿಗೆ ಬುದ್ಧಿ ಕೆಟ್ಟಿದೆ! ನಾಳೆ ಕೊಡಬೇಕಾದ ಬಟ್ಟೆ ಮೇಲೇ ಉಚ್ಚೆ ಹೊಯ್ದಿದಾನೆ, ನೋಡು ಬಾ!"

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗಳು ಕೂಗಿಕೊಂಡಳು. ತರಕಾರಿ ಹೆಚ್ಚುತ್ತಿದ್ದ ಅಪ್ಪ ಚಾಕು ಹಿಡಿದುಕೊಂಡೇ ಬಂದ. ಜೀವಮಾನವೆಲ್ಲ ಬಸ್ಸು ಓಡಿಸಿದವನು. ಕೆಲಸ ಬಿಟ್ಟು ವರ್ಷಗಳಾದರೂ ಬೀದಿಯವರಿಗೆಲ್ಲ ಅವನು ಡ್ರೈವರಪ್ಪನೇ.

"ವಯಸ್ಸಾಯ್ತಲ್ಲಮ್ಮ ಅದಕ್ಕೂ. ನಾನೂ ರಾತ್ರಿಯೆಲ್ಲ ಎದ್ದೆದ್ದು ಹೋಗ್ತೀನಿ. ನನಗೇನು ಬುದ್ಧಿ ಕೆಟ್ಟಿದ್ಯಾ?"

ಮಗಳಿಗೆ ನಗು ಬಂತು. ಆದರೆ ಬಟ್ಟೆ ಎತ್ತಿದಾಗ ಅದರಡಿ ಇರುವೆಗಳು ಮುತ್ತಿದ್ದವು. ನಗು ಅಲ್ಲೇ ನಿಂತಿತು.

ಗುಂಡ ಆ ಮನೆಯ ಬೆಕ್ಕು. ಡ್ರೈವರಪ್ಪನ ಹೆಂಡತಿ ಅಂಗೈಯಗಲದ ಮರಿಯನ್ನು ತಂದು ಸಾಕಿದ್ದಳು. ಹೆಸರಿಗೆ ತಕ್ಕ ಮೈ, ಮೈಗೆ ತಕ್ಕ ಸೋಮಾರಿತನ. ಅವಳು ಕಾಯಿಲೆಯಾಗಿ ತೀರಿಕೊಂಡ ಮೇಲೆ ಗುಂಡ ಡ್ರೈವರಪ್ಪನ ಕಾಲ ಬುಡದಲ್ಲೇ ಮಲಗುವುದನ್ನು ರೂಢಿ ಮಾಡಿಕೊಂಡಿತ್ತು. ಅಂಥ ಗುಂಡ ಈಗ ಕಡ್ಡಿಯಾಗಿತ್ತು. ಹಾಕಿದ್ದನ್ನೆಲ್ಲ ತಿನ್ನುತ್ತಿತ್ತು, ಆದರೂ ಬೆನ್ನಮೂಳೆ ಕೈಗೆ ಸಿಗುತ್ತಿತ್ತು. ಬಟ್ಟಲು ತುಂಬ ನೀರಿಟ್ಟರೆ ಮತ್ತೆ ನೋಡುವಷ್ಟರಲ್ಲಿ ಖಾಲಿ. ಹಿಂಗಾಲು ಊರುವಾಗ ಹಿಮ್ಮಡಿಯೇ ನೆಲಕ್ಕೆ ತಾಗುತ್ತಿತ್ತು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರು ರಕ್ತ, ಮೂತ್ರ ಪರೀಕ್ಷೆ ಮಾಡಿದರು. "ಸಕ್ಕರೆ ಕಾಯಿಲೆ" ಎಂದರು.

"ಬೆಕ್ಕಿಗೆ ಸಕ್ಕರೆ ಕಾಯಿಲೆನಾ?" ಡ್ರೈವರಪ್ಪ ನಂಬಲಿಲ್ಲ. "ಇದೇನು ದಿನಾ ಕಾಫಿ ಕುಡಿಯುತ್ತಾ?"

ಅಲ್ಲಿನ ನರ್ಸಮ್ಮ ನಕ್ಕಳು. "ಕಾಫಿ ಕುಡಿಯದಿದ್ರೂ ಬರುತ್ತೆ ಯಜಮಾನ್ರೇ. ಮೈ ಜಾಸ್ತಿ ಬೆಳೆದು, ಓಡಾಟ ಇಲ್ಲದೆ ಬಿದ್ಕೊಂಡಿರೋ ಬೆಕ್ಕಿಗೆ ಬರೋದು ಹೆಚ್ಚು. ಮನೇಲೇ ನೋಡ್ಕೋಬಹುದು. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಚುಚ್ಚುಮದ್ದು. ಮೊದಲು ಊಟ, ಆಮೇಲೆ ಸೂಜಿ. ಎಷ್ಟು ಹಾಕ್ಬೇಕು ಅಂತ ಡಾಕ್ಟ್ರು ಹೇಳ್ತಾರೆ, ಅಷ್ಟೇ. ಊಟ ಮುಟ್ಟದೆ ಇದ್ರೆ ಹಾಕೋ ಮುಂಚೆ ನಮಗೆ ಫೋನ್ ಮಾಡಿ. ನೀರು ಮಾತ್ರ ಯಾವಾಗ್ಲೂ ಇರ್ಲಿ, ಜಾಸ್ತಿ ಕುಡಿಯುತ್ತೆ ಅಂತ ಬಟ್ಟಲು ಎತ್ತಿಡಬೇಡಿ."

"ಸಾಯೋವರೆಗೂ ಚುಚ್ಚಬೇಕಾ?"

"ಬೇಗ ಶುರು ಮಾಡಿದ್ರೆ ಕೆಲವು ಬೆಕ್ಕಿಗೆ ಮುಂದೆ ಬೇಡವಾಗೋದೂ ಉಂಟು. ಆದ್ರೆ ನಿಲ್ಲಿಸಿ ಅಂತ ಹೇಳ್ಬೇಕಾದವರು ಡಾಕ್ಟ್ರು. ನೀವಲ್ಲ, ನಾನೂ ಅಲ್ಲ."

ಡ್ರೈವರಪ್ಪನ ಕಣ್ಣ ಮುಂದೆ ಹೆಂಡತಿಯ ಕೈ ಬಂದಿತ್ತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯವರು ನರ ಸಿಗದೆ ಚುಚ್ಚಿ ಚುಚ್ಚಿ, ಮೊಣಕೈಯಿಂದ ಮುಂಗೈವರೆಗೆ ನೀಲಿಗಟ್ಟಿದ್ದ ಕೈ. "ಸಾಕು ಅನ್ನಿ ಅವರಿಗೆ" ಎಂದು ಅವಳು ಕೇಳಿಕೊಂಡಿದ್ದಳು. ಅವನಿಗೆ ಹೇಳಲಾಗಿರಲಿಲ್ಲ.

ಮನೆಯಲ್ಲಿ ಚುಚ್ಚುಮದ್ದು ಹಾಕುವ ಕೆಲಸ ಮಗಳದಾಯಿತು. "ದಿನವಿಡೀ ಸೂಜಿ ಹಿಡಿಯೋಳು ನಾನು, ನನಗೇ ಬೆವರು ಬಂತು ನೋಡು" ಎಂದಳು ಮೊದಲ ದಿನ. ಕೆಲವೇ ದಿನಗಳಲ್ಲಿ ಕೈ ಪಳಗಿತು. ಅವಳು ಫ್ರಿಜ್ಜಿನಿಂದ ಔಷಧಿ ತೆಗೆಯುವ ಸದ್ದಾದರೆ ಸಾಕು, ಡ್ರೈವರಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಒಮ್ಮೆಯೂ ನೋಡಲಿಲ್ಲ.

ಗುಂಡನ ಮೈ ಮತ್ತೆ ತುಂಬಿಕೊಂಡಿತು. ಉಚ್ಚೆ ತನ್ನ ಜಾಗದಲ್ಲೇ ಹೊಯ್ಯತೊಡಗಿತು. ಒಂದು ದಿನ ಹೊಲಿಗೆ ಮೇಜಿನ ಮೇಲೆ ಹಾರಿ ಕೂತು ಮಗಳ ಅಳತೆ ಟೇಪು ಎಳೆದಾಡಿತು.

ಅಷ್ಟರಲ್ಲಿ ಬೇರೆ ಊರಿನಲ್ಲಿದ್ದ ಹಿರಿಯ ಮಗಳಿಗೆ ಹೆರಿಗೆ ನೋವು ಶುರುವಾಯಿತು. ತಂಗಿಯಾದ ಇವಳು ಹೊರಡಲೇಬೇಕಾಯಿತು.

"ಅಪ್ಪಾ, ಕುತ್ತಿಗೆ ಹಿಂದಿನ ಚರ್ಮ ಹೀಗೆ ಎತ್ತಬೇಕು. ಇಲ್ಲಿ. ನೋಡಿದ್ಯಾ?"

"ನೋಡ್ದೆ, ನೋಡ್ದೆ." ಅವನ ಕಣ್ಣು ಗೋಡೆಯ ಮೇಲಿತ್ತು.

ಸಂಜೆ ಡ್ರೈವರಪ್ಪ ಗುಂಡನಿಗೆ ಊಟ ಹಾಕಿದ. ಹೇಳಿಕೊಟ್ಟಂತೆಯೇ ಸಿರಿಂಜಿಗೆ ಔಷಧಿ ಎಳೆದ. ಗುಂಡ ತಟ್ಟೆ ಬಿಟ್ಟು ಬಂದು ಅವನ ಕಾಲಿಗೆ ತಲೆ ಉಜ್ಜಿತು. ಅವನ ಕೈ ಮೇಲೇಳಲಿಲ್ಲ.

"ಸಾಕು ಬಿಡೋ ಮಗನೇ. ಚೆನ್ನಾಗೇ ಇದೀಯಲ್ಲ. ಇನ್ಯಾಕೆ ನಿನಗೆ ಈ ಚುಚ್ಚಾಟ?"

ಔಷಧಿಯನ್ನು ಬಚ್ಚಲಿಗೆ ಚೆಲ್ಲಿದ. ಮಗಳ ಫೋನು ಬಂತು. "ಹಾಕಿದ್ಯಾಪ್ಪಾ?"

"ಹಾಕ್ದೆ ಕಣಮ್ಮ. ನೀನು ಅಕ್ಕನ ಕಡೆ ನೋಡು."

ಮರುದಿನ ಗುಂಡ ಚೆನ್ನಾಗೇ ಇತ್ತು. ನೋಡಿದೆಯಾ, ನನ್ನ ಮಾತೇ ನಿಜ ಎಂದುಕೊಂಡ. ಆಮೇಲೆ ನೀರಿನ ಬಟ್ಟಲು ಬೇಗ ಬೇಗ ಬರಿದಾಗತೊಡಗಿತು. ಸೆಖೆಗೆ ಇರಬೇಕು ಎಂದು ಸಮಾಧಾನ ಮಾಡಿಕೊಂಡ. ಫೋನಿನಲ್ಲಿ "ಹಾಕ್ದೆ" ಎನ್ನುವುದು ಸಲೀಸಾಗಿ ಬರುತ್ತಿತ್ತು. ಒಂದು ಬೆಳಿಗ್ಗೆ ಗುಂಡ ಊಟ ಮೂಸಿ ನೋಡಿ ಹೊಲಿಗೆ ಯಂತ್ರದ ಹಿಂದೆ ಹೋಗಿ ಮುದುಡಿಕೊಂಡಿತು. ವಾಂತಿ ಮಾಡಿತು. ಅವನು ಎತ್ತಿಕೊಂಡಾಗ ಉಸಿರಿಗೆ ಕಳಿತ ಹಣ್ಣಿನ ವಾಸನೆ, ಕತ್ತು ಬಟ್ಟೆಯ ಹಾಗೆ ಜೋತುಬಿತ್ತು. ಡ್ರೈವರಪ್ಪ ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದ.

"ಕೊನೇ ಚುಚ್ಚುಮದ್ದು ಯಾವಾಗ ಹಾಕಿದ್ರಿ?" ನರ್ಸಮ್ಮ ಕೇಳಿದಳು.

ಅವನು ಗುಂಡನನ್ನೇ ನೋಡುತ್ತಿದ್ದ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಯಜಮಾನ್ರೇ, ಅದು ಗೊತ್ತಾಗದೆ ನಾವು ಔಷಧಿ ಕೊಡೋ ಹಾಗಿಲ್ಲ."

"ಮಗಳು ಊರಿಗೆ ಹೋದ ಬೆಳಿಗ್ಗೆ," ಎಂದ. "ಅವಳು ಹಾಕಿದ್ದೇ ಕೊನೆ. ನಾನು... ನಾನು ಹಾಕಲಿಲ್ಲ ತಾಯೀ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ಸುಲಿನ್ ನಿಂತು ಮೈಯೆಲ್ಲ ವಿಷವೇರಿದೆ ಎಂದರು ಡಾಕ್ಟರು. ಡ್ರಿಪ್ ಹಾಕಿದರು. ಯಾವ ಸೂಜಿಯಿಂದ ಅವನು ಗುಂಡನನ್ನು ಉಳಿಸಲು ಹೊರಟಿದ್ದನೋ, ಅದಕ್ಕಿಂತ ದಪ್ಪ ಸೂಜಿ ಈಗ ಅದರ ಮುಂಗಾಲಿನಲ್ಲಿ ನೆಟ್ಟಿತ್ತು.

ಸುದ್ದಿ ಕೇಳಿದ ಮಗಳು ಅಕ್ಕನನ್ನೂ ಹಸುಗೂಸನ್ನೂ ಅಲ್ಲೇ ಬಿಟ್ಟು ಸಿಕ್ಕಿದ ಬಸ್ಸು ಹತ್ತಿ ಬಂದಳು. ಅವಳ ದನಿಗೆ ಗುಂಡನ ಕಿವಿ ಒಂದಿಷ್ಟು ಅಲುಗಿತು. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು.

"ಅದಕ್ಕೆ ನೋವಾಗುತ್ತೆ ಅಂತ..." ಡ್ರೈವರಪ್ಪ ಅದರ ಮುಂಗಾಲು ಸವರಿದ. "ನಿಮ್ಮಮ್ಮನ ಕೈ ನೆನಪಾಯ್ತಮ್ಮ."

ಮಗಳು ಚೀಲದಲ್ಲಿದ್ದ ಹೊಸ ಬಟ್ಟೆಯಲ್ಲಿ ಗುಂಡನನ್ನು ಸುತ್ತಿಕೊಂಡಳು. ಮನೆಯ ಹಿಂದೆ ಇಬ್ಬರೂ ಸೇರಿ ಮಣ್ಣು ಮಾಡಿದರು. ಎಷ್ಟೋ ದಿನ ಊಟ, ನೀರು ಎನ್ನುವ ಮಾತು ಬಿಟ್ಟು ಬೇರೆ ಮಾತಿಲ್ಲ. ಒಂದು ಸಂಜೆ ದಾರ ಪೋಣಿಸುತ್ತಾ ಅವಳೇ ಬಾಯಿಬಿಟ್ಟಳು.

"ನನ್ನ ಕೈಲಿ ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಪ್ಪಾ. ನರ್ಸಮ್ಮನ ಹತ್ರ ಬಿಟ್ಟು ಹೋಗ್ತಿದ್ದೆ. ನಾನೇನು ನಿನ್ನ ತಿಂದುಬಿಡ್ತಿದ್ನಾ?"

ಅವನು ತಲೆ ತಗ್ಗಿಸಿದ. ಅವಳು ಎದ್ದು ಬಂದು ಅವನ ಪಕ್ಕ ಕೂತಳು.

ಕೆಲವು ತಿಂಗಳ ಮೇಲೆ, ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದವನು ಮಾತಿನ ಮಧ್ಯೆ ಅಂದ: "ನಮ್ಮ ಬೆಕ್ಕು ಬಕೆಟ್ಟಿಗೇ ಬಾಯಿ ಹಾಕುತ್ತೆ ಡ್ರೈವರಪ್ಪ. ಇಸ್ತ್ರಿ ಪೆಟ್ಟಿಗೆ ಕಾವಿಗೆ ಬಾಯಾರಿಕೆ ಅನ್ಸುತ್ತೆ."

"ತೂಕ ಇಳಿದಿದ್ಯಾ?"

"ಇಳಿದಿದೆ. ಯಾಕೆ?"

"ಅಂಗಡಿ ಬಾಗಿಲು ಹಾಕು. ಈಗ್ಲೇ ನಡಿ."

ಅದೇ ಕಾಯಿಲೆ. ನರ್ಸಮ್ಮ ಇಸ್ತ್ರಿಯವನ ಹೆಂಡತಿಗೆ ಸೂಜಿ ಹಿಡಿಯುವುದನ್ನು ಹೇಳಿಕೊಟ್ಟಳು. ಊಟದ ತಟ್ಟೆ ಹಿಡಿದುಕೊಳ್ಳುವ ಕೆಲಸ ಡ್ರೈವರಪ್ಪನಿಗೆ ಬಂತು. ಈ ಸಲ ಅವನು ಮುಖ ತಿರುಗಿಸಲಿಲ್ಲ. ಇಸ್ತ್ರಿಯವನ ಹೆಂಡತಿ ಕುತ್ತಿಗೆಯ ಚರ್ಮ ಎತ್ತಿದಳು. ಕೂದಲಿನಷ್ಟು ತೆಳು ಸೂಜಿ ಒಳಗೆ ಹೋಗಿ ಹೊರಗೆ ಬಂತು. ಬೆಕ್ಕು ತಟ್ಟೆ ನೆಕ್ಕುತ್ತಲೇ ಇತ್ತು. ತಲೆಯನ್ನೂ ಎತ್ತಲಿಲ್ಲ.

"ಆಯ್ತಾ?" ಡ್ರೈವರಪ್ಪ ಕೇಳಿದ.

"ಆಯ್ತು" ಎಂದಳು ನರ್ಸಮ್ಮ.

"ಇಷ್ಟೇನಾ?"

"ಇಷ್ಟೇ ಯಜಮಾನ್ರೇ."

ತಟ್ಟೆ ಖಾಲಿಯಾಗಿ, ಬೆಕ್ಕು ಮೇಜಿನಿಂದ ಇಳಿದು ಹೋದರೂ ಅವನು ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ತೋಚಲಿಲ್ಲ.

ಹೊರಗೆ ಬಂದ ಮೇಲೆ ಇಸ್ತ್ರಿಯವನಿಗೆ ಹೇಳಿದ: "ನಿಮ್ಮಿಬ್ಬರ ಕೈಲೂ ಆಗದ ದಿನ ನನ್ನ ಕರಿ. ನಾನು ಬಂದು ಹಾಕ್ತೀನಿ." ಈಗ ಅವರು ಊರಿಗೆ ಹೋದಾಗಲೆಲ್ಲ ಅವನೇ ಹೋಗಿ ಹಾಕುತ್ತಾನೆ. ಮಗಳೂ ಜೊತೆಗೆ ಹೋಗುತ್ತಾಳೆ.

ಬೆಕ್ಕು ಸಾಕಿದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೆಕ್ಕು ನೀರು ಜಾಸ್ತಿ ಕುಡಿಯುತ್ತಿದ್ದರೆ, ಉಚ್ಚೆ ಹೆಚ್ಚಾಗಿದ್ದರೆ, ತಿಂದರೂ ಸೊರಗುತ್ತಿದ್ದರೆ ಬೈಯಬೇಡಿ, ಪ್ರಾಣಿ ವೈದ್ಯರಿಗೆ ತೋರಿಸಿ. ಮನುಷ್ಯರ ಮಾತ್ರೆ ಕೊಡಬೇಡಿ. ಮನೆಯಲ್ಲಿ ಚುಚ್ಚುಮದ್ದು ಹಾಕುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ, ಒಬ್ಬರು ಹಾಕಿದ್ದರ ಮೇಲೆ ಇನ್ನೊಬ್ಬರು ಹಾಕಬಾರದು. ಚುಚ್ಚುಮದ್ದಿನ ನಂತರ ಬೆಕ್ಕು ತೂರಾಡಿದರೆ, ಸುಸ್ತಾಗಿ ಬಿದ್ದರೆ, ರಕ್ತದ ಸಕ್ಕರೆ ತೀರಾ ಇಳಿದಿರಬಹುದು. ವಸಡಿಗೆ ಜೇನು ಅಥವಾ ಸಕ್ಕರೆ ಪಾಕ ಸವರಿ ತಕ್ಷಣ ಆಸ್ಪತ್ರೆಗೆ ಓಡಿ. ಚೇತರಿಸಿಕೊಂಡಿತು ಎಂದು ನೀವಾಗಿಯೇ ಔಷಧಿ ನಿಲ್ಲಿಸಬೇಡಿ. ಅದು ಚೇತರಿಸಿಕೊಂಡಿರುವುದೇ ಆ ಔಷಧಿಯಿಂದ.

ಕೈ ನಡುಗುತ್ತದೆಯೇ? ನಡುಗಲಿ, ಅದರಲ್ಲಿ ನಾಚಿಕೆಯೇನಿಲ್ಲ. ನನ್ನಿಂದಾಗದು ಎಂದು ಬಾಯಿಬಿಟ್ಟು ಹೇಳಿ. ಇನ್ನೊಂದು ಕೈ ಸಿಕ್ಕೇ ಸಿಗುತ್ತದೆ.